ಚನ್ನವ್ವತ್ತಿಯ ತುಟಿಗೆ ದನಿ ಕೂಡಿದ ಪ್ರಸಂಗ

ಕೇಳಿರಿ, ಸಹೃದಯರೇ. ಹಳೆಯ ಚಲನಚಿತ್ರಗಳು ಡಬ್ಬಿಗಳಲ್ಲಿ ತುಕ್ಕು ಹಿಡಿದು, ಕ್ಯಾಸೆಟ್ಟುಗಳಲ್ಲಿ ಬೂಸಲು ಹಿಡಿದು, ಕಡೆಗೆ ಅಭಿಮಾನಿಗಳ ಕಂಪ್ಯೂಟರುಗಳಲ್ಲಿ ಪುನರ್ಜನ್ಮವೆತ್ತುತ್ತಿದ್ದ ಈ ಕಲಿಯುಗದ ಒಂದು ಭಾನುವಾರ, ಹುಬ್ಬಳ್ಳಿಯ ಓಣಿಯೊಂದರಲ್ಲಿ, ಮೌಸಾಯುಧಪಾಣಿಯೂ ಅಖಂಡಚಹಾಪಾನವ್ರತಿಯೂ ಛಿನ್ನದೃಶ್ಯಸಂಧಾನಧುರಂಧರನೂ ಆದ ಗಿರಿಮಲ್ಲನೆಂಬ ವೀರನು ಪ್ಲಾಸ್ಟಿಕ್ ಕುರ್ಚಿಯೆಂಬ ಸಿಂಹಾಸನವನ್ನು ಏರಿದನು.

ಅವನು ತೊಟ್ಟ ಪಣ ಸಣ್ಣದಲ್ಲ. ಅವನ ಸೋದರತ್ತೆ ಚನ್ನವ್ವ ಹರೆಯದಲ್ಲಿ ‘ಗಂಡುಗಲಿ ಗುರುಪಾದ’ ಎಂಬ ಚಿತ್ರದಲ್ಲಿ ನಟಿಸಿದ್ದಳು. ಕೊಡ ಹೊತ್ತು ದೂರದಿಂದ ಓಡಿಬಂದು ಒಂದೇ ಒಂದು ಮಾತು ಕೂಗುವ ಪಾತ್ರ. ಚಿತ್ರ ತೆರೆಗೆ ಬರುವಷ್ಟರಲ್ಲಿ ಆ ದೃಶ್ಯಕ್ಕೆ ಕತ್ತರಿ ಬಿದ್ದಿತ್ತು. ಅಂದಿನಿಂದ ಓಣಿಯಲ್ಲಿ ಅವಳನ್ನು ನಂಬಿದವರಿಲ್ಲ. ಎದುರುಮನೆಯ ಕಾಶವ್ವನಂತೂ ಪ್ರತಿ ಮದುವೆಯಲ್ಲೂ “ಬರ್ರಿ ಹೀರೋಯಿನ್” ಎಂದೇ ಬರಮಾಡಿಕೊಳ್ಳುತ್ತಿದ್ದಳು. ಈಗ ಗಿರಿಮಲ್ಲನು ಆ ದೃಶ್ಯವನ್ನು ಹಳೆಯ ಕ್ಯಾಸೆಟ್ಟೊಂದರಲ್ಲಿ ಪತ್ತೆಹಚ್ಚಿ, ಚಿತ್ರದಲ್ಲಿ ಅದರ ಜಾಗಕ್ಕೆ ಸೇರಿಸಿ, ತನ್ನದೇ ಆವೃತ್ತಿಯನ್ನು ಕಟ್ಟಿದ್ದನು. ಸಂಜೆ ಪಡಸಾಲೆಯಲ್ಲಿ ಪ್ರದರ್ಶನ. ಕಾಶವ್ವನಿಗೂ ಕರೆ ಹೋಗಿತ್ತು.

“ಶಾಂಭವೀ, ಸುಮ್ನ ನೋಡ್ಕೊಂತ ಕುಂದ್ರು,” ಎಂದು ವೀರನು ತಂಗಿಯ ಮುಂದೆ ಗರ್ಜಿಸಿದನು. “ಈ ಕೈ ಜೋಡಿಸಿದ ಸಂದಿನ್ಯಾಗ ಇರುವಿ ಸೈತ ತೂರೂದಿಲ್ಲ. ತಪ್ಪು ಅನ್ನೂದು ನನ್ನ ಹೆಸರು ಕೇಳಿದ್ರ ಓಣಿ ಬಿಟ್ಟು ಓಡ್ತೈತಿ!”

“ಹೌದಪಾ, ದೊಡ್ಡ ವೀರ,” ಎಂದಳು, ಮೆಂತ್ಯೆಪಲ್ಯ ಸೋಸುತ್ತಿದ್ದ ಶಾಂಭವಿ. “ಮದ್ಲ ಎಕ್ಸ್‌ಪೋರ್ಟ್ ಆಗಿ ತಯಾರಾದ ಸಿನಿಮಾ ಹಚ್ಚು, ನೋಡೂಣು.”

ಹಚ್ಚಿದರು. ಅಕಟಾ! ದೃಶ್ಯ ಕೂಡುವಲ್ಲಿ ಕ್ಷಣಾರ್ಧದ ಕಪ್ಪು ಚೌಕವೊಂದು ರಾಹುವಿನಂತೆ ತಲೆಯೆತ್ತಿ ಮಾಯವಾಯಿತು. ಗಿರಿಮಲ್ಲನು ಅದನ್ನು ಬೆನ್ನಟ್ಟಿ ವಧಿಸಿ ಇನ್ನೂ ಬೆವರೊರೆಸಿಕೊಂಡಿರಲಿಲ್ಲ, ಶಾಂಭವಿ ಸೋಸುವ ಕೈ ನಿಲ್ಲಿಸಿದಳು.

“ಅತ್ತಿ ಬಾಯಿ ತಗಿಯೂಕಿಂತ ಮದ್ಲ ಮಾತು ಬಂತಲ್ಲೋ! ಕಾಶವ್ವ ಬಿಡ್ತಾಳೇನು? ‘ಯಾರದೋ ದನಿ, ಯಾರದೋ ಬಾಯಿ’ ಅಂತಾಳ.”

ವೀರನ ಮುಖ ಕಳೆಗುಂದಿತು. ಕ್ಯಾಸೆಟ್ಟಿನ ಚಿತ್ರ ತುಸು ವೇಗದ್ದು. ಉಳಿದ ಸಿನಿಮಾಕ್ಕೆ ಹೊಂದಿಸಲು ಅದನ್ನು ನಿಧಾನಗೊಳಿಸಿದ್ದನು. ದನಿಯನ್ನು ನಿಧಾನಗೊಳಿಸಲು ಮರೆತಿದ್ದನು. ಚನ್ನವ್ವ ಓಡಿ ಬರುವಷ್ಟರಲ್ಲಿ ಅವಳ ಮಾತು ಅವಳನ್ನು ಹಿಂದೆ ಹಾಕಿ ಮುಂದೆ ಓಡಿತ್ತು. ಆಗ ಆ ಧೀರನು, ಕಟ್ಟು ಕಿತ್ತ ಕುದುರೆಯನ್ನು ಲಗಾಮು ಹಿಡಿದು ಎಳೆತರುವವನಂತೆ, ದನಿಯನ್ನು ಎಳೆ ಎಳೆಯಾಗಿ ಹಿಂದಕ್ಕೆ ಜಗ್ಗಿ ತುಟಿಗೆ ಕಟ್ಟಿದನು.

ಆದರೂ ಯುದ್ಧ ಮುಗಿಯಲಿಲ್ಲ. ಚನ್ನವ್ವ ಪರದೆಗೆ ಬಂದೊಡನೆ ಕೆಳಗೆ ಅವಳ ಹೆಸರು ಮೂಡಬೇಕು. ಎಡಿಟ್ ಮಾಡುವಾಗ ಮುತ್ತಿನಂತಿದ್ದ ಹೆಸರು ಎಕ್ಸ್‌ಪೋರ್ಟಿನ ಅಗ್ನಿಕುಂಡದಿಂದ ಎದ್ದು ಬಂದಾಗ ಒತ್ತಕ್ಷರಗಳು ತಾಯಕ್ಷರಗಳ ಅಡಿಯಿಂದ ಜಾರಿ, ರಣದಲ್ಲಿ ದಿಕ್ಕೆಟ್ಟ ಕಾಲಾಳುಗಳಂತೆ ಸಾಲಾಗಿ ನಿಂತಿದ್ದವು: ಚನ್‌ನವ್‌ವ.

“ಚನ್, ನವ್, ವ,” ಎಂದು ಶಾಂಭವಿ ಬಿಡಿಸಿ ಓದಿದಳು. “ಯಾವ ದೇಶದಾಕೀನೋ ಇಕಿ? ನಮ್ಮತ್ತಿ ಎಲ್ಲಿ?”

ಗಿರಿಮಲ್ಲನು ಅಕ್ಷರಶೈಲಿಯ ಮೇಲೆ ಅಕ್ಷರಶೈಲಿಯನ್ನು ಪ್ರಯೋಗಿಸಿದನು. ಒಂದರಲ್ಲಿ ಒತ್ತು ಮುರಿಯಿತು, ಇನ್ನೊಂದರಲ್ಲಿ ಹೆಸರೇ ಚೌಕಗಳಾಯಿತು. ಹೊರಗೆ ಚಪ್ಪಲಿಗಳ ಸದ್ದು ಕೇಳತೊಡಗಿತು. ಕೊನೆಗೆ ಶಾಂಭವಿಯೇ ಸ್ಕೆಚ್ ಪೆನ್ನಿನಿಂದ ಬಿಳಿಹಾಳೆಯ ಮೇಲೆ ‘ಚನ್ನವ್ವ’ ಎಂದು ದುಂಡಗೆ ಬರೆದು ಮುಂದೆ ಹಿಡಿದಳು. “ಇದರ ಫೋಟೋ ಹೊಡದು ಅಂಟಸು. ಫೋಟೋದಾಗಿಂದ ಒತ್ತು ಹೆಂಗ ಜಾರ್ತೈತಿ, ನೋಡೇ ಬಿಡೂಣು.”

ಜಾರಲಿಲ್ಲ. ಜಯಭೇರಿ ಮೊಳಗಿತು, ಅರ್ಥಾತ್, ಎಕ್ಸ್‌ಪೋರ್ಟ್ ಮುಗಿದ ಗಂಟೆ ಟಿಂಗ್ ಎಂದಿತು.

ಪಡಸಾಲೆ ಕಿಕ್ಕಿರಿಯಿತು. ಇಳಕಲ್ ಸೀರೆಯುಟ್ಟ ಚನ್ನವ್ವ ಮುಂದಿನ ಸಾಲಿನಲ್ಲಿ ಕುಳಿತಳು. ಪಕ್ಕದಲ್ಲಿ ಕಾಶವ್ವ, ನಗಲು ಸಿದ್ಧಳಾಗಿ, ಎಲೆಅಡಿಕೆಯ ಚೀಲ ಬಿಚ್ಚಿ ತಲೆ ತಗ್ಗಿಸಿದ್ದಳು. ದೃಶ್ಯ ಬಂತು. ಕಪ್ಪು ಚೌಕವಿಲ್ಲ, ದನಿಗೆ ಅವಸರವಿಲ್ಲ. ಹರೆಯದ ಚನ್ನವ್ವ ಓಡಿಬಂದಳು, ಬಾಯಿ ತೆರೆದಳು. ತುಟಿಯೂ ದನಿಯೂ ಶಿವಶಕ್ತಿಯರಂತೆ ಏಕವಾಗಿ, ಗಗನ ಬಿರಿಯುವಂತೆ ಮೊಳಗಿದವು:

“ನೀರು ಬಂತ್ರೆವ್ವಾ! ನೀರು ಬಂತು!”

ಆ ಓಣಿಯ ನಲ್ಲಿಯಲ್ಲಿ ಆಗ ವಾರದಿಂದ ಹನಿಯಿರಲಿಲ್ಲ.

ಸಭೆಗೆ ಸಭೆಯೇ ಎದ್ದಿತು. ಸೆರಗು ಸಿಕ್ಕಿಸಿ, ಮಕ್ಕಳನ್ನು ದಾಟಿ, ಬಾಗಿಲಲ್ಲಿ ಒಬ್ಬರನ್ನೊಬ್ಬರು ನೂಕಿ ಓಡಿದರು. ಎಲ್ಲರಿಗೂ ಮುಂದೆ ಕಾಶವ್ವ. ಯಾರದೋ ಕಾಲು ತಂತಿಗೆ ಸಿಕ್ಕಿ ಟೀವಿ ಆರಿತು.

“ಹೆಸರು ಯಾರೂ ಓದಲೇ ಇಲ್ಲಲ್ಲೋ,” ಎಂದಳು ಶಾಂಭವಿ.

ಸ್ವಲ್ಪ ಹೊತ್ತಿಗೆ ಕಾಶವ್ವ ಖಾಲಿ ಕೊಡದೊಂದಿಗೆ ಹೊಸ್ತಿಲಿಗೆ ಬಂದು ನಿಂತಳು. “ಏನ ಚನ್ನವ್ವಾ, ಬುದ್ಧಿ ಐತಿಲ್ಲ ನಿನಗ? ನಲ್ಲಿ ಬರೇ ಗಾಳಿ ಊದಾಕತ್ತೈತಿ! ಒದರಿದಾಕಿ ನೀನ. ಅಲ್ಲಂತ ಹೇಳಬ್ಯಾಡ. ನಿನ್ನ ದನಿ ನನಗ ಗೊತ್ತಿಲ್ಲೇನು?”

ಚನ್ನವ್ವ ಸೆರಗು ಸರಿಮಾಡಿಕೊಂಡಳು.

“ಹೌದು,” ಎಂದಳು. “ನಾನ.”

ನೀರು ಬುಧವಾರ ಬಂತು.