ಎಣ್ಣೆಯ ಕಾರೋ, ಬ್ಯಾಟರಿಯ ಕಾರೋ

ನಾನು ಆಯ್ಕೆ ಮಾಡಲಾರದ ಮನುಷ್ಯ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು. ಕಳಸದಿಂದ ಚಿಕ್ಕಮಗಳೂರಿಗೆ ಬಾಳೆಹೊನ್ನೂರಿನ ಮೇಲೊಂದು, ಮೂಡಿಗೆರೆಯ ಮೇಲೊಂದು ಬಸ್ಸು ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಹೊರಡುತ್ತಿದ್ದ ಕಾಲದಲ್ಲಿ, ಯಾವುದನ್ನು ಹತ್ತಲಿ ಎಂದು ಯೋಚಿಸುತ್ತ ಎರಡನ್ನೂ ತಪ್ಪಿಸಿಕೊಂಡು ಮನೆಗೆ ವಾಪಸು ಬಂದವನು ನಾನು. ಬಟ್ಟೆ ಅಂಗಡಿಯಲ್ಲಿ ನೀಲಿ ಗೆರೆಯ ಅಂಗಿಯೋ ಕಂದು ಗೆರೆಯದೋ ಎಂದು ನಾನು ಬೆಳಕಿಗೆ ಹಿಡಿದು ನೋಡುತ್ತಿರುವಾಗ ಅಂಗಡಿಯವನು ಊಟಕ್ಕೆ ಹೋಗಿ ಬಂದದ್ದಿದೆ. ಮದುವೆಯ ಕತೆಯೂ ಇಷ್ಟೆ. ಹೆಣ್ಣು ನೋಡಿದ ಮೇಲೆ ಮಾವನವರು ‘ಏನಂತೀರಿ?’ ಎಂದು ಕೇಳಿದರು. ನಾನು ಯೋಚಿಸತೊಡಗಿದೆ. ಚಕ್ಕುಲಿ ತಟ್ಟೆ ಖಾಲಿಯಾದರೂ ಯೋಚನೆ ಮುಗಿಯಲಿಲ್ಲ. ಕೊನೆಗೆ ಒಳಗಿನಿಂದ ‘ನಂಗೆ ಒಪ್ಪಿಗೆ, ಅವರನ್ನ ಇನ್ನು ಕಾಯಿಸೋದು ಬೇಡ’ ಎಂದು ಹುಡುಗಿಯೇ ಹೇಳಿದಳು. ಆ ಹುಡುಗಿ ನಳಿನಿ. ಅಂದಿನಿಂದ ನಮ್ಮ ಮನೆಯ ತೀರ್ಮಾನಗಳೆಲ್ಲ ಅವಳವೇ. ಇದರಿಂದ ಅವಳಿಗೆ ಎಷ್ಟು ಕಷ್ಟವಾಯಿತೋ ತಿಳಿಯದು, ನನಗಂತೂ ಬಹಳ ಸುಖವಾಯಿತು.

ಹೀಗೆ ಸುಖವಾಗಿದ್ದ ನಾನು ನಲವತ್ತಮೂರನೆಯ ವಯಸ್ಸಿನಲ್ಲಿ ಒಂದು ಆಟದ ಕಾರಿನಿಂದ ಸಂಕಟಕ್ಕೆ ಬಿದ್ದೆ. ಕುದುರೆಮುಖದಲ್ಲಿ ಗಣಿ ನಿಂತು, ಅಲ್ಲಿನ ಕಾಲೊನಿ ಖಾಲಿಯಾಗುತ್ತಿದ್ದ ವರ್ಷ ಅದು. ಇಪ್ಪತ್ತು, ಇಪ್ಪತ್ತೈದು ವರ್ಷ ಸಂಸಾರ ಮಾಡಿದವರು ಊರಿಗೆ ಹೊರಡುವ ಮುಂಚೆ ಮಂಚ, ಮೇಜು, ಫ್ರಿಜ್ಜುಗಳನ್ನು ಮಾರುತ್ತಿದ್ದರು. ಕಳಸದ ನಾವೆಲ್ಲ ಜೀಪು ಮಾಡಿಕೊಂಡು ಹೋಗಿ ತರುತ್ತಿದ್ದೆವು. ನಳಿನಿ ಮನೆಯಲ್ಲಿ ಹೊಲಿಗೆ ಮಾಡುತ್ತಾಳೆ; ಗಿರಾಕಿಗಳ ಬಟ್ಟೆ ಇಡಲು ಅವಳಿಗೊಂದು ಕಬ್ಬಿಣದ ಬೀರು ಬೇಕಿತ್ತು. ಏಪ್ರಿಲ್ ರಜೆಯ ಒಂದು ಮಂಗಳವಾರ ನನ್ನನ್ನೂ ಅವಳ ತಮ್ಮ ನಾಗೇಶನನ್ನೂ ಕಳಿಸಿದಳು. ಬೀರು ಆರಿಸುವ ಹೊಣೆ ನಾಗೇಶನಿಗೆ, ಹೊರುವ ಹೊಣೆ ನನಗೆ. ನಾಗೇಶ ಕಳಸದ ನಮ್ಮ ಮನೆಯ ಹಿಂದೆಯೇ ಸಣ್ಣ ಕಾಫಿ ಎಸ್ಟೇಟು ಇಟ್ಟುಕೊಂಡವನು. ಪಂಪ್‌ಸೆಟ್ಟಿನ ಹೊಗೆ ಕುಡಿದೇ ಬೆಳೆದವನೆಂದು ನಾವು ತಮಾಷೆ ಮಾಡುತ್ತೇವೆ.

ಬೀರು ಇದ್ದದ್ದು ಕುಲಕರ್ಣಿ ಎಂಬ ಇಂಜಿನಿಯರರ ಮನೆಯಲ್ಲಿ. ಧಾರವಾಡದ ಕಡೆಯವರು, ನಿವೃತ್ತಿಯ ಅಂಚಿನಲ್ಲಿದ್ದವರು. ನಾಗೇಶ ಬೀರಿನ ಬಾಗಿಲು ತೆಗೆದು ಮುಚ್ಚಿ ಪರೀಕ್ಷಿಸುತ್ತಿದ್ದಾಗ ನನ್ನ ಕಣ್ಣು ಅದರ ಮೇಲಿದ್ದ ಎರಡು ಕಾರುಗಳ ಮೇಲೆ ಬಿತ್ತು. ಒಂದೊಂದೂ ಒಂದೂವರೆ ಅಡಿ ಉದ್ದ. ಒಂದು ಕೆಂಪು, ಒಂದು ಹಳದಿ. ಪಕ್ಕದಲ್ಲಿ ಉದ್ದನೆಯ ಏರಿಯಲ್ ಕಡ್ಡಿಯ ರಿಮೋಟುಗಳು.

“ಮೊಮ್ಮಕ್ಕಳವಾ ಸರ್?” ಎಂದು ಕೇಳಿದೆ.

ಕುಲಕರ್ಣಿಯವರು ಸುತ್ತ ನೋಡಿ, ಹೆಂಡತಿ ಅಡುಗೆಮನೆಯಲ್ಲಿರುವುದನ್ನು ಖಚಿತಪಡಿಸಿಕೊಂಡು, “ನನ್ನವೇ ರೀ” ಎಂದರು. ಆ ಎರಡು ಶಬ್ದಗಳಲ್ಲಿ ನಾವು ಸ್ನೇಹಿತರಾಗಿಬಿಟ್ಟೆವು.

ಕೆಂಪು ಕಾರು ನೈಟ್ರೋ. ಅಂದರೆ ಅದರ ಹೊಟ್ಟೆಯಲ್ಲಿ ನಿಂಬೆಹಣ್ಣಿನಷ್ಟು ದೊಡ್ಡ ನಿಜವಾದ ಇಂಜಿನ್ನು. ವಿಶೇಷ ಎಣ್ಣೆ ಕುಡಿಯುತ್ತದೆ, ಹೊಗೆ ಬಿಡುತ್ತದೆ, ಕೂಗುತ್ತದೆ. ಹಳದಿಯದು ಎಲೆಕ್ಟ್ರಿಕ್. ಬ್ಯಾಟರಿ ಚಾರ್ಜು ಮಾಡಿ ಹಾಕಿದರೆ ತುಟಿ ಬಿಚ್ಚದೆ ಓಡುತ್ತದೆ. ಎರಡನ್ನೂ ಕೈಯಲ್ಲಿ ಹಿಡಿದು ನೋಡಿದೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಇಂಜಿನ್ನು, ಮೋಟಾರು ಎರಡರ ಚಿತ್ರವನ್ನೂ ವರ್ಷವರ್ಷ ಬೋರ್ಡಿನ ಮೇಲೆ ಬರೆದು ಅಳಿಸಿದ್ದೇನೆ. ಆದರೆ ಅವು ಹೀಗೆ ಚಕ್ರ ಕಟ್ಟಿಕೊಂಡು ಎದುರಿಗೆ ಬಂದು ನಿಲ್ಲುತ್ತವೆಂದು ಎಣಿಸಿರಲಿಲ್ಲ. ನನ್ನ ಮುಖ ನೋಡಿದ ಕುಲಕರ್ಣಿಯವರಿಗೆ ಏನನ್ನಿಸಿತೋ, “ಮೇಷ್ಟ್ರ, ಧಾರವಾಡದಾಗ ನಮ್ದು ಸಣ್ಣ ಮನಿ. ಎರಡೂ ತಗೊಂಡು ಬರಬ್ಯಾಡ್ರಿ ಅಂದಾಳ ನಮ್ಮಾಕಿ. ಒಂದು ನಿಮಗ ಕೊಡ್ತೀನಿ. ಸುಮ್ನ ಕೊಡ್ತೀನಿ. ಆದ್ರ ಯಾವ್ದು ಅಂತ ನೀವ ಹೇಳ್ಬೇಕು. ಸೋಮವಾರ ಲಾರಿ ಬರ್ತದ, ಭಾನುವಾರದೊಳಗ ಹೇಳ್ರಿ” ಎಂದರು.

ಯಾವುದಾದರೂ ಒಂದನ್ನು ಅವರೇ ಕೈಗಿಟ್ಟಿದ್ದರೆ ನನ್ನ ಬಾಳು ಹಸನಾಗುತ್ತಿತ್ತು. ಬುಧವಾರದಿಂದ ನನಗೆ ಊಟ ಸೇರಲಿಲ್ಲ. ಕಳಸದ ಸೈಬರ್ ಕೆಫೆಯಲ್ಲಿ ಕೂತು ಇಂಟರ್ನೆಟ್ಟಿನಲ್ಲಿ ಹುಡುಕಿದೆ. ಚಿತ್ರ ಮೇಲಿನಿಂದ ಕೆಳಗೆ ಒಂದೊಂದೇ ಗೆರೆ ಇಳಿಯುತ್ತ, ಗಾಜು ಕಂಡು, ಬಾಗಿಲು ಕಂಡು, ಇನ್ನೇನು ಚಕ್ರ ಕಾಣಬೇಕು ಅನ್ನುವಾಗ ಕರೆಂಟು ಹೋಯಿತು. ಇದೊಂದು ಸೂಚನೆಯೇ ಎಂದುಕೊಂಡು ಹೊರಬಂದೆ. ನಮ್ಮೂರಿನಲ್ಲಿ ಕರೆಂಟಿಗೆ ಬರುವುದಕ್ಕಿಂತ ಹೋಗುವುದೇ ಅಭ್ಯಾಸ. ಇಂಥಲ್ಲಿ ಬ್ಯಾಟರಿ ಕಾರು ಇಟ್ಟುಕೊಂಡು ಮಾಡುವುದೇನು? ನೈಟ್ರೋ ಸರಿ. ಆದರೆ ಆ ಎಣ್ಣೆ ಬೆಂಗಳೂರಿನಿಂದ ಬರಬೇಕಂತೆ. ಇಂಜಿನ್ನು ಶುರುವಾಗಬೇಕಾದರೆ ಅದರ ತಲೆಯಲ್ಲಿರುವ ಒಂದು ಪ್ಲಗ್ಗನ್ನು ಬಿಸಿ ಮಾಡಬೇಕಂತೆ. ಬಿಸಿ ಮಾಡುವ ಸಾಧನವನ್ನು ಚಾರ್ಜು ಮಾಡಲು ಕರೆಂಟು ಬೇಕಂತೆ! ಹಾಗಾದರೆ ಎಲೆಕ್ಟ್ರಿಕ್ಕೇ ಸರಿ. ಹೀಗೆ ಗುರುವಾರ ಮಧ್ಯಾಹ್ನದೊಳಗೆ ನಾಲ್ಕು ಸಲ ಪಕ್ಷ ಬದಲಿಸಿದ್ದೆ.

ನಾಗೇಶನದು ಒಂದೇ ಮಾತು. “ಎಂತ ಭಾವ ನೀವು, ಇದಕ್ಕೆಲ್ಲ ಯೋಚನೆ ಮಾಡ್ತಾರಾ? ಸದ್ದಿಲ್ಲ, ವಾಸನೆ ಇಲ್ಲ ಅಂದ್ರೆ ಅದೊಂದು ಗಾಡಿಯಾ? ಮಿಕ್ಸಿಗೆ ಚಕ್ರ ಹಾಕಿದ ಹಾಗೆ ಆಯ್ತಲ್ಲ ಮಾರಾಯ್ರೆ!”

ನಳಿನಿ ಹೊಲಿಗೆ ಯಂತ್ರ ತುಳಿಯುತ್ತಲೇ ಹೇಳಿದಳು: “ಈ ಮಿಷನ್ನಿಗೂ ಮೋಟಾರಿದೆ. ಕರೆಂಟಿದ್ರೆ ಮೋಟಾರು, ಇಲ್ದಿದ್ರೆ ಕಾಲು. ಇದಕ್ಕೆ ನಾನು ನೋಟ್ಸ್ ಬರ್ಕೊಂಡು ಕೂತಿದ್ರೆ ಊರಿನವರು ಎಂತದನ್ನ ಹಾಕ್ಕೊಳ್ತಿದ್ರು? ಒಮ್ಮೆ ಓಡಿಸಿ ನೋಡಿ, ಕೈಗೆ ಯಾವುದು ಒಗ್ಗುತ್ತೋ ಅದನ್ನ ತನ್ನಿ.” ಓಡಿಸಿ ನೋಡಬಹುದು ಎನ್ನುವುದು, ವಿಜ್ಞಾನದ ಮೇಷ್ಟ್ರಾದ ನನಗೆ ಮೂರು ದಿನದಿಂದ ಹೊಳೆದಿರಲಿಲ್ಲ.

ಶನಿವಾರ ಬೆಳಿಗ್ಗೆ, ಮಾತಾಡಿ ಬಿಟ್ಟುಬಂದಿದ್ದ ಬೀರನ್ನೂ ತರುವುದೆಂದು, ಮೂವರೂ ಜೀಪಿನಲ್ಲಿ ಹೋದೆವು. ಕುಲಕರ್ಣಿಯವರು ಬಿಳಿ ಷರಟು ಹಾಕಿಕೊಂಡು, ಪಂದ್ಯದ ತೀರ್ಪುಗಾರರಂತೆ ಗೇಟಿನಲ್ಲೇ ಕಾಯುತ್ತಿದ್ದರು. ಕಾಲೊನಿಯ ರಸ್ತೆ ನುಣ್ಣಗೆ, ನೇರಕ್ಕೆ ಚಾಚಿಕೊಂಡಿತ್ತು. ಎರಡೂ ಕಡೆ ಒಂದೇ ಥರದ ಮನೆಗಳು. ಮುಕ್ಕಾಲುಪಾಲು ಬೀಗ ಹಾಕಿದವು. ಆ ಬೀದಿಯಲ್ಲಿ ಉಳಿದಿದ್ದವು ಆರು ಸಂಸಾರಗಳಷ್ಟೇ. ಅವರೆಲ್ಲ ಬೀದಿಯ ಕೊನೆಯಲ್ಲಿ ಒಟ್ಟಿಗೆ ನಿಂತು ಬೀಳ್ಕೊಡುಗೆಯ ಗ್ರೂಪ್ ಫೋಟೋ ತೆಗೆಸಿಕೊಳ್ಳುವ ಸಿದ್ಧತೆಯಲ್ಲಿದ್ದರು. ಹೆಂಗಸರ ಕಣ್ಣು ಆಗಲೇ ಕೆಂಪಾಗಿತ್ತು. “ವಾರದಿಂದ ಹಿಂಗ ನೋಡ್ರಿ. ಒಬ್ಬರ ಮನಿ ಚಹಾಕ್ಕ ಹೋದ್ರ ಅಳು, ಇನ್ನೊಬ್ಬರ ಮನಿ ಊಟಕ್ಕ ಹೋದ್ರ ಅಳು” ಎಂದರು ಕುಲಕರ್ಣಿ. “ಫೋಟೋಕ್ಕ ನಮ್ಮನ್ನೂ ಕರದಾರ. ಅಷ್ಟರಾಗ ಒಂದು ರೌಂಡ್ ಹೊಡೀರಿ.”

ಮೊದಲು ನೈಟ್ರೋ. ಎಣ್ಣೆ ಹಾಕಿದ್ದಾಯಿತು, ಪ್ಲಗ್ಗು ಬಿಸಿ ಮಾಡಿದ್ದಾಯಿತು. ನಾಗೇಶ ಹಗ್ಗ ಎಳೆದ. ಕೆಮ್ಮಿತು. ಮತ್ತೆ ಎಳೆದ. ಸೀನಿತು. ಕುಲಕರ್ಣಿಯವರು ಸಣ್ಣ ಸ್ಕ್ರೂ ಡ್ರೈವರಿನಿಂದ ಕೂದಲೆಳೆಯಷ್ಟು ತಿರುಗಿಸಿದರು. ಕಾಲು ಗಂಟೆ ಹೀಗೆ ಹೆರಿಗೆ ಕೋಣೆಯ ಮುಂದೆ ನಿಂತವರಂತೆ ನಿಂತಿದ್ದೆವು. ಆಮೇಲೆ ಒಮ್ಮೆಲೇ “ಝೊಂಯ್ಯ್” ಎಂದು ಶುರುವಾಯಿತು ನೋಡಿ, ಎದುರುಗುಡ್ಡದಿಂದ ಅದರ ಸದ್ದು ಮರಳಿ ಬಂತು. ಹರಳೆಣ್ಣೆಯೂ ಸ್ಪಿರಿಟ್ಟೂ ಸೇರಿದಂಥ ವಾಸನೆ. ನಾಗೇಶ ಕಣ್ಣು ಮುಚ್ಚಿ ಅದನ್ನು ಎಳೆದುಕೊಂಡು, “ಆಹಾ, ಇದು ಭಾವ!” ಎಂದ. ರಿಮೋಟು ನನ್ನ ಕೈಗೆ ಬಂತು.

ಇಲ್ಲಿ ಒಂದು ವಿಷಯ ಹೇಳಬೇಕು. ಕಾರು ನಮ್ಮಿಂದ ದೂರ ಹೋಗುವಾಗ ಎಡ ಎಂದರೆ ಎಡವೇ. ಅದೇ ಕಾರು ತಿರುಗಿ ನಮ್ಮ ಕಡೆ ಬರುವಾಗ ನಮ್ಮ ಎಡ ಅದಕ್ಕೆ ಬಲ. ಇದನ್ನು ಯೋಚಿಸಿ ತೀರ್ಮಾನಿಸಲು ಸಿಗುವ ಸಮಯ ಅರ್ಧ ಸೆಕೆಂಡು. ಅಂಗಿ ಆರಿಸಲು ಅರ್ಧ ದಿನ ಬೇಕಾದವನ ಕೈಗೆ ಅದು ಸಿಕ್ಕಿತ್ತು. ಗುಂಡಿ ಅದುಮಿದೆ. ಕಾರು ಬಾಣದಂತೆ ಹೋಯಿತು. ಹೆದರಿ ತಿರುಗಿಸಿದೆ. ಅಷ್ಟೇ ವೇಗದಲ್ಲಿ ನನ್ನ ಮೊಣಕಾಲಿಗೆ ಗುರಿಯಿಟ್ಟು ಬಂತು. “ಎಡಕ್ಕೆ!” ಎಂದ ನಾಗೇಶ. “ಬಲಕ್ಕ ರೀ!” ಎಂದರು ಕುಲಕರ್ಣಿ. “ನಿಲ್ಲಿಸ್ರೀ!” ಎಂದಳು ನಳಿನಿ. ನಾನು ಮೂರನ್ನೂ ಪರಿಶೀಲಿಸುತ್ತಿದ್ದೆ. ಅಷ್ಟರಲ್ಲಿ ಕಾರು ನನ್ನ ಕಾಲುಗಳ ನಡುವೆ ನುಸುಳಿ, ಬೀದಿಯ ಕೊನೆಯಲ್ಲಿ ‘ಒನ್, ಟೂ’ ಎಂದು ಎಣಿಸುತ್ತಿದ್ದ ಫೋಟೋ ಗುಂಪಿನೊಳಕ್ಕೆ ಹೊಗೆ ಬಿಡುತ್ತ ನುಗ್ಗಿತು.

‘ತ್ರೀ’ ಅನ್ನುವ ಹೊತ್ತಿಗೆ ಇಪ್ಪತ್ತು ಜನ ನೆಲ ಬಿಟ್ಟಿದ್ದರು. ಕ್ಯಾಮೆರಾ ಕ್ಲಿಕ್ ಎಂದಿತು. ಕಾರು ಹುಲ್ಲಿನಲ್ಲಿ ಬೋರಲಾಗಿ, ಚಕ್ರ ತಿರುಗಿಸುತ್ತ ಸ್ವಲ್ಪ ಹೊತ್ತು ಕೂಗಿ ಸುಮ್ಮನಾಯಿತು. ನಾನು ರಿಮೋಟನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡೆ. ಅದರ ಏರಿಯಲ್ಲು ನನ್ನ ತಲೆಯ ಮೇಲೆ ಒಂದು ಗೇಣು ಎದ್ದು ನಿಂತಿತ್ತಂತೆ.

ಕ್ಷಮೆ ಕೇಳಲೆಂದು ಹತ್ತಿರ ಹೋದೆ. ಮುಂದಿನ ಸಾಲಿನ ಕುರ್ಚಿಯಲ್ಲಿದ್ದ ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಈಗ ಕುರ್ಚಿಯ ಮೇಲೆ ನಿಂತಿದ್ದರು. “ಅಮ್ಮ, ನಿಮಗೆ ಮಂಡಿನೋವು ಅಲ್ವಾ? ಹೇಗೆ ಹತ್ತಿದ್ರಿ?” ಎಂದು ಮಗಳು ಗಾಬರಿಯಿಂದ ಕೇಳಿದಳು. ಅಜ್ಜಿ ತಮ್ಮ ಕಾಲನ್ನೇ ನೋಡಿಕೊಂಡು, “ನಂಗೂ ಗೊತ್ತಾಗ್ಲಿಲ್ಲ ಕಣೇ” ಎಂದರು. ಯಾರೋ ಕಿಸಕ್ಕೆಂದರು. ಆಮೇಲೆ ನಗು ಹಿಡಿಯಲಾಗಲಿಲ್ಲ. ವಾರದಿಂದ ಅಳುತ್ತಿದ್ದ ಬೀದಿ ಹೊಟ್ಟೆ ಹಿಡಿದುಕೊಂಡು ಹುಲ್ಲಿನ ಮೇಲೆ ಕೂತು ನಕ್ಕಿತು. ಕುಲಕರ್ಣಿಯವರ ಹೆಂಡತಿ ಸುಧಾಬಾಯಿಯವರಂತೂ ನಗುತ್ತ ನಗುತ್ತ ಗಂಡನ ಹೆಗಲ ಮೇಲೆ ತಲೆಯಿಟ್ಟು, ಕಣ್ಣೊರೆಸಿಕೊಂಡರು. ಆ ಕಣ್ಣೀರು ಯಾವ ಜಾತಿಯದೆಂದು ನಾವು ಯಾರೂ ಕೇಳಲಿಲ್ಲ.

ಆಮೇಲೆ ಹಳದಿ ಕಾರು ಹೊರಬಂತು. ಗುಂಡಿ ಒತ್ತಿದರೆ ಹೊರಟಿತು, ಬಿಟ್ಟರೆ ನಿಂತಿತು. ಎಲ್ಲರೂ ಸರತಿಯಲ್ಲಿ ನಿಂತು ಓಡಿಸಿದರು. ಅಜ್ಜಿ ಕುರ್ಚಿಯಲ್ಲೇ ಕೂತು, ಬಾಗಿಲಿಂದ ಬಾಗಿಲಿಗೆ ಕಾರು ಕಳಿಸಿ, “ಈ ಮನೆಯವರು ನಂಗೆ ದಿನಾ ಹಾಲು ತಂದುಕೊಡ್ತಿದ್ರು, ಆ ಮನೆಯಲ್ಲಿ ನನ್ನ ಮೊಮ್ಮಗಳು ನಡೆಯೋಕೆ ಕಲಿತಳು” ಎಂದು ಬೀಗ ಹಾಕಿದ ಮನೆಗಳಿಗೆಲ್ಲ ಒಂದೊಂದು ಸುತ್ತು ಹೊಡೆಸಿದರು. ನಳಿನಿ ಮಾತ್ರ ರಿಮೋಟು ಹಿಡಿದ ಕ್ಷಣದಿಂದಲೇ ಪಳಗಿದ ಚಾಲಕಿ. ದಾರ ಪೋಣಿಸಿದಂತೆ ಎರಡು ಹೂಕುಂಡಗಳ ನಡುವಿನಿಂದ ಕಾರನ್ನು ತೆಗೆದಳು. ಹನ್ನೆರಡು ನಿಮಿಷಕ್ಕೊಮ್ಮೆ ಬ್ಯಾಟರಿ ಮುಗಿಯುತ್ತಿತ್ತು. ಒಳಗೆ ಚಾರ್ಜಿಗೆ ಹಾಕಿ, ಅಷ್ಟು ಹೊತ್ತು ಎಲ್ಲರೂ ಕೂತು ಚಹಾ ಕುಡಿಯುತ್ತಿದ್ದರು. ಮತ್ತೆ ಓಡಿಸುತ್ತಿದ್ದರು. ಸರಿಯಾದ ಫೋಟೋ ಆಮೇಲೆ ತೆಗೆದರಂತೆ; ಆದರೆ ಎಲ್ಲರೂ ಪ್ರತಿ ಕೇಳಿದ್ದು ಹಾರಿದ ಫೋಟೋದ್ದೇ.

ಸಂಜೆ ಕುಲಕರ್ಣಿಯವರು ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು. “ಯಾವ್ದು, ಮೇಷ್ಟ್ರ?” ನಾನು, “ನಿಮಗೆ ಯಾವುದು ಇಷ್ಟ ಹೇಳಿ ಸರ್, ಅದನ್ನು ಬಿಟ್ಟು ಇನ್ನೊಂದು ಕೊಡಿ” ಎಂದೆ. ಅವರು ತಲೆ ಕೆರೆದುಕೊಂಡರು. “ಅದ ತಿಳೀವಲ್ದು ನೋಡ್ರಿ. ತಿಳಿದಿದ್ರ ಎರಡ್ಯಾಕ ಕೊಳ್ತಿದ್ದೆ? ನೀವು ಒಂದು ಆರಿಸಿದ್ರ ನನಗ ಉಳಿದದ್ದು ಅಂತ ಸುಮ್ನಾಗೋಣು ಅಂದಿದ್ದೆ.” ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನನ್ನಂಥವನು ಇನ್ನೊಬ್ಬನಿದ್ದಾನೆಂದು ತಿಳಿದು ಅಂದು ನನಗಾದ ಆನಂದ ಹೇಳತೀರದು. ನಳಿನಿ ಬಂದು ನಮ್ಮಿಬ್ಬರನ್ನೂ ನೋಡಿ, ಹಳದಿ ಕಾರನ್ನು ಎತ್ತಿ ಬೀರಿನ ಜೊತೆ ಜೀಪಿಗೆ ಹಾಕಿಸಿದಳು.

ಎರಡು ವರ್ಷ ಅದನ್ನು ನಾಗೇಶನ ಎಸ್ಟೇಟಿನ ಕಣದಲ್ಲಿ ಓಡಿಸಿದೆವು. ಕಾಫಿ ಒಣಗಿಸುವ ಸಿಮೆಂಟಿನ ಕಣ. ಫಸಲು ಮುಗಿದ ಮೇಲೆ ಅಷ್ಟು ಒಳ್ಳೆಯ ಮೈದಾನ ಇಡೀ ಜಿಲ್ಲೆಯಲ್ಲಿಲ್ಲ. ಕರೆಂಟು ಇಲ್ಲದ ವಾರಗಳಲ್ಲಿ ಮಾತ್ರ ನಾನು ಕೆಂಪು ಕಾರನ್ನು ನೆನೆದು ಕುಲಕರ್ಣಿಯವರಿಗೆ ಕಾಗದ ಬರೆಯುತ್ತಿದ್ದೆ. ಅವರೂ ಬರೆಯುತ್ತಿದ್ದರು: ಧಾರವಾಡದಲ್ಲಿ ಇಂಜಿನ್ನು ಶುರು ಮಾಡಿದರೆ ಅಕ್ಕಪಕ್ಕದವರು ಬಾಗಿಲು ಬಡಿಯುತ್ತಾರೆ, ಹಳದಿಯದೇ ಇಟ್ಟುಕೊಳ್ಳಬೇಕಿತ್ತೇನೋ ಎಂದು. ಅದಲುಬದಲು ಮಾಡಿಕೊಳ್ಳೋಣವೇ ಎಂದು ನಾನು. ಮಾಡಿಕೊಳ್ಳೋಣ, ಆದರೆ ಮಾಡಿಕೊಳ್ಳಬೇಕೇ ಎಂದು ಅವರು.

ಆಮೇಲೊಮ್ಮೆ ಅವರು ಹೊರನಾಡಿಗೆ ದೇವರ ದರ್ಶನಕ್ಕೆಂದು ಹೆಂಡತಿಯೊಡನೆ ಬಂದವರು ನಮ್ಮಲ್ಲಿಗೂ ಬಂದರು. ಬಾಡಿಗೆ ವ್ಯಾನಿನಲ್ಲಿ ಸೀರೆ ಸುತ್ತಿದ ಒಂದು ಗಂಟು. ಬಿಚ್ಚಿದರೆ ಕೆಂಪು ಕಾರು. ಇಡೀ ದಿನ ಕಣದಲ್ಲಿ ಎರಡನ್ನೂ ಓಡಿಸಿದೆವು. ನಾಗೇಶ ಹೊಗೆ ಕುಡಿದು ಧನ್ಯನಾದ. ಹೊರಡುವಾಗ ನಾನು ಹಳದಿಯದನ್ನು ಚಾಚಿದೆ, ಅವರು ಕೆಂಪನ್ನು ಚಾಚಿದರು. ಇಬ್ಬರೂ ಚಾಚಿಕೊಂಡೇ ನಿಂತೆವು. ತೆಗೆದುಕೊಳ್ಳಲು ಇಬ್ಬರಿಗೂ ಕೈ ಬರಲಿಲ್ಲ. ಡ್ರೈವರು ಎರಡು ಸಲ ಹಾರ್ನು ಮಾಡಿದ. ಸುಧಾಬಾಯಿಯವರು ಗಂಡನ ಕೈಯಿಂದ ಕೆಂಪು ಕಾರನ್ನು ತೆಗೆದು ನಳಿನಿಯ ಮಡಿಲಿಗೆ ಹಾಕಿ, “ಎರಡೂ ನಿಮ್ಮಲ್ಲೇ ಇರಲಿ ತಂಗಿ. ವರ್ಷಕ್ಕೊಮ್ಮೆ ಇವರನ್ನ ಆಡಾಕ ಕರಕೊಂಡು ಬರ್ತೀನಿ” ಎಂದರು. ಈವರೆಗೆ ಒಂದು ವರ್ಷವೂ ತಪ್ಪಿಸಿಲ್ಲ.

ಎರಡೂ ಮನೆಗೆ ಬಂದವು, ನನ್ನ ಕಷ್ಟ ತೀರಿತು ಎಂದು ನೀವು ತಿಳಿಯಬಹುದು. ಭಾನುವಾರ ಬಂತೆಂದರೆ ಇವತ್ತು ಯಾವುದನ್ನು ಓಡಿಸಲಿ ಎಂದು ಜಗಲಿಯಲ್ಲಿ ಕೂರುತ್ತೇನೆ. ಗಾಳಿ ಹೇಗಿದೆ, ಎಣ್ಣೆ ಎಷ್ಟಿದೆ, ಕರೆಂಟು ಯಾವಾಗ ಹೋದೀತು, ಎಲ್ಲವನ್ನೂ ತೂಗುತ್ತೇನೆ. ನಳಿನಿ ಅಷ್ಟರಲ್ಲಿ ಒಂದನ್ನು ಎತ್ತಿಕೊಂಡು ತಮ್ಮನ ಕಣಕ್ಕೆ ಹೊರಟುಹೋಗಿರುತ್ತಾಳೆ. ನಾನು ಕಿವಿಗೊಟ್ಟು ಕಾಯುತ್ತೇನೆ. ತೋಟದಾಚೆಯಿಂದ ಸದ್ದು ಬಂದರೆ ಇವತ್ತು ನೈಟ್ರೋ. ಬಹಳ ಹೊತ್ತಾದರೂ ಬರದಿದ್ದರೆ ಎಲೆಕ್ಟ್ರಿಕ್. ಅಂತೂ ತೀರ್ಮಾನವಾಯಿತೆಂದು ನೆಮ್ಮದಿಯಿಂದ ಚಪ್ಪಲಿ ಮೆಟ್ಟಿಕೊಂಡು ಹೊರಡುತ್ತೇನೆ.