ನಾಯಕಿ ಗುಣವಾದ ಸಿನಿಮಾ

ಸಿನಿಮಾವನ್ನು ಅರ್ಧ ನೋಡಿ ಪೂರ್ತಿ ವಿಮರ್ಶೆ ಮಾಡುವವರು ಭದ್ರಾವತಿಯಲ್ಲಿ ಬೇಕಾದಷ್ಟು ಮಂದಿ ಇದ್ದರು. ಆದರೆ ಪೂರ್ತಿ ನೋಡಿದವರನ್ನೇ ‘ನೀನು ನೋಡಿಲ್ಲ’ ಎಂದು ನಂಬಿಸಿಬಿಡುವವನು ಒಬ್ಬನೇ: ನನ್ನ ಗೆಳೆಯ ಫಿಟ್ಟರ್!

ಕಬ್ಬಿಣದ ಕಾರ್ಖಾನೆಯಲ್ಲಿ ಅವನ ಕೆಲಸವೇ ಅದಾದ್ದರಿಂದ ನಾವೆಲ್ಲ ಹಾಗೇ ಕರೆಯುತ್ತಿದ್ದೆವು. ನಾನು ಶಿವಮೊಗ್ಗದವನು, ಮೈಸೂರಿನಲ್ಲಿ ಓದಿ ಬಂದವನು. ಅವನ ಬಾಯಲ್ಲಿ ನನ್ನ ಹೆಸರು ‘ಬಿ.ಎ.’. ಭಾನುವಾರ ರೈಲು ಹತ್ತಿ ಹೋದರೆ ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ನಮ್ಮ ಸಭೆ. ವಾರದ ಸಿನಿಮಾ ಪಾಸೋ ಫೇಲೋ ಅಲ್ಲೇ ತೀರ್ಮಾನ. ಫಿಟ್ಟರನ ಕೈಯಲ್ಲಿ ಪಾಸಾದದ್ದು ಮಾತ್ರ ಯಾವುದೂ ಇಲ್ಲ. ಒಬ್ಬ ಕಾರ್ಮಿಕನ ಕಥೆಯನ್ನು ಊರೆಲ್ಲ ಕಣ್ಣೊರೆಸಿಕೊಂಡು ಹೊಗಳಿದಾಗ ಇವನು, “ಸ್ಪ್ಯಾನರನ್ನ ಬಾಚಣಿಗೆ ಹಿಡಿದಂಗೆ ಹಿಡೀತಾನಲ್ಲೋ! ಅವನ ಕಷ್ಟ ನಾನ್ಯಾಕೆ ನಂಬಲಿ?” ಎಂದ. ಭಕ್ತನಿಗೆ ದೇವರು ಪ್ರತ್ಯಕ್ಷನಾದ ಚಿತ್ರದಲ್ಲಿ ಇವನ ಕಿವಿಗೆ ಬಿದ್ದದ್ದು ಗುಡಿಯ ಬಾಗಿಲಿನ ಕಿರ್ರೆಂಬ ಸದ್ದು. “ಅಷ್ಟು ವರ್ಷ ಪೂಜೆ ಮಾಡಿದಾನೆ, ಒಂದು ತೊಟ್ಟು ಎಣ್ಣೆ ಬಿಡೋಕೆ ಏನು ರೋಗ?”

ಇದನ್ನೆಲ್ಲ ಆಗಿನ ನನ್ನ ಡೈರಿ ನೋಡಿಯೇ ಬರೆಯುತ್ತಿದ್ದೇನೆ. ಆದರೆ ಡೈರಿ ಬರೆದವನೂ ನಾನೇ ತಾನೆ? ಎಷ್ಟು ನಂಬುವುದು!

ಒಂದು ಮಾತ್ರ ಖಚಿತ. ಹೆಂಡತಿ ಜ್ವರದಲ್ಲಿ ತೀರಿಕೊಂಡ ಮೇಲೆ ಫಿಟ್ಟರ್ ಸಿನಿಮಾದಲ್ಲಿ ಯಾರ ಸಾವನ್ನೂ ನೋಡಲಿಲ್ಲ. ನಾಯಕಿ ಹಾಸಿಗೆ ಹಿಡಿದು ಎರಡು ಸಲ ಕೆಮ್ಮಿದರೆ ಸಾಕು, ಬೀಡಿ ಸೇದುವ ನೆಪದಲ್ಲಿ ಎದ್ದು ಹೊರಗೆ. ಆ ಕಾಲದ ನಾಯಕಿಯರಲ್ಲೋ, ಕೆಮ್ಮದವರೇ ಇಲ್ಲ!

ಅಂಥವನು ಒಂದು ಭಾನುವಾರ ಕಾಫಿ ಬರುವ ಮೊದಲೇ ಘೋಷಿಸಿದ: “ಸಿನಿಮಾ ಅಂದ್ರೆ ನಿನ್ನೆ ನೋಡಿದ್ದು ಮಾರಾಯ! ಅವಳು ಗುಣ ಆದ್ಲು!”

ಅದೇ ಚಿತ್ರವನ್ನು ನಾನು ಹಿಂದಿನ ವಾರ ಶಿವಮೊಗ್ಗದಲ್ಲಿ ನೋಡಿದ್ದೆ. “ಎಲ್ಲಿಯ ಗುಣ? ಸತ್ತಳಲ್ಲೋ. ಚಿತೆ ಕೂಡ ತೋರಿಸ್ತಾರೆ.”

“ನಿಮ್ಮ ಶಿವಮೊಗ್ಗದಲ್ಲಿ ಸತ್ತಿರಬಹುದು. ನಾನು ಬೀಡಿ ಮುಗಿಸಿ ಒಳಗೆ ಬರ್ತೀನಿ, ದೋಸೆ ಹುಯ್ತಾ ಕೂತಿದಾಳೆ! ಇಡೀ ಟಾಕೀಸೇ ಸಿಳ್ಳೆ ಹೊಡೀತು.”

“ಮತ್ತೆ ಗಂಡ ಗಡ್ಡ ಬಿಟ್ಕೊಂಡು ಅಲೆಯೋದು?”

“ಹರಕೆ ಹೊತ್ತಿರ್ತಾನಪ್ಪ!”

“ಆಮೇಲೆ ಅವಳು ಕಾಣಿಸೋದೇ ಇಲ್ವಲ್ಲ?”

“ಕಾಯಿಲೆಯಿಂದ ಎದ್ದವಳು ತವರಿಗೆ ಹೋಗಬಾರದೇನೋ? ಇಷ್ಟು ಓದಿ ಅಷ್ಟೂ ತಿಳಿಯಲ್ವಾ ಬಿ.ಎ.?”

ಹೋಟೆಲಿಗೆ ಹೋಟೆಲೇ ನಕ್ಕಿತು. ನನಗೆ ಸೋಲು ಆಗಿಬರದು. ನೇರವಾಗಿ ಟಾಕೀಸಿಗೆ ಹೋಗಿ ಆಪರೇಟರನ್ನು ವಿಚಾರಿಸಿದೆ. ಅವನು ತಲೆ ಕೆರೆದುಕೊಂಡ. “ನಿನ್ನೆ ದೋಸೆ ರೀಲು ಮುಂಚೆ ಹಾಕೋದು ಮರೆತು, ಅವಳು ಸತ್ತ ಮೇಲೆ ಹಾಕ್ಬಿಟ್ಟೆ ಸಾರ್. ಜನ ಸಿಳ್ಳೆ ಹೊಡೆದು ಗಲಾಟೆ ಮಾಡಿದ್ರು. ಇವತ್ತು ಸರಿಯಾಗಿ ಹಾಕ್ತೀನಿ.”

ಓಡಿಬಂದು ಹೇಳಿದರೆ ಫಿಟ್ಟರ್, “ಅವಳು ಬದುಕಿದ್ಲೋ ಸತ್ಲೋ ಹೇಳೋಕೆ ಆಪರೇಟರ್ ಏನು ಡಾಕ್ಟ್ರಾ?” ಎಂದ. ಬಿಡುತ್ತೇನೆಯೇ? ಮ್ಯಾಟಿನಿಗೆ ಎಳೆದುಕೊಂಡೇ ಹೋದೆ.

ಆವತ್ತು ದೋಸೆ ಮೊದಲೇ ಬಂದುಹೋಯಿತು. ಮುಂದೆ ಅವಳು ಹಾಸಿಗೆ ಹಿಡಿದಳು, ಕೆಮ್ಮಿದಳು. ಫಿಟ್ಟರ್ ಎದ್ದ. ನಾನು ಅವನ ಅಂಗಿ ಹಿಡಿದೆ. “ಇವತ್ತು ಕೂತ್ಕೊ. ತೀರ್ಮಾನ ಆಗ್ಲಿ.”

ಕೂತ. ಅವಳು ಮತ್ತೆ ಕೆಮ್ಮಿದಳು. ನನ್ನ ಮುಷ್ಟಿಯಲ್ಲಿದ್ದ ಅಂಗಿ ನಡುಗುತ್ತಿತ್ತು. ನಡುಗಿದ್ದು ಅವನ ಮೈಯೋ, ಗೆಲ್ಲುವ ಆತುರದ ನನ್ನ ಕೈಯೋ, ಇಂದಿಗೂ ಹೇಳಲಾರೆ. ಬಿಟ್ಟುಬಿಟ್ಟೆ. ಅವನು ಹೊರಗೆ ಹೋದ.

ಅವಳು ಸತ್ತಳು. ಚಿತೆ ಉರಿಯಿತು. ಗಂಡ ಗಡ್ಡ ಬಿಟ್ಟ. ಫಿಟ್ಟರ್ ಮಾತ್ರ ಒಳಗೆ ಬರಲೇ ಇಲ್ಲ. ಸಿನಿಮಾ ಮುಗಿದು ಹೊರಗೆ ಬಂದರೆ ಸೈಕಲ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತಿದ್ದ.

“ಏನಾಯ್ತು?”

“ಗುಣ ಆದ್ಲು” ಎಂದೆ.

ನನ್ನ ಮುಖವನ್ನೇ ನೋಡಿದ. “ಸುಳ್ಳು ಹೇಳೋಕೆ ಬರಲ್ಲ ಕಣೋ ನಿಂಗೆ.” ಪಕ್ಕಕ್ಕೆ ಸರಿದು ನನಗೆ ಜಾಗ ಮಾಡಿದ. “ಇರಲಿ, ಹೇಳು. ಹೇಗೆ ಗುಣ ಆದ್ಲು?”

ಹೇಳತೊಡಗಿದೆ. ಡಾಕ್ಟರು ಬಂದರು, ಬೆಳಗಾಗುವಷ್ಟರಲ್ಲಿ ಜ್ವರ ಬಿಟ್ಟಿತು, ಎದ್ದು ಕೂತು ಹಸಿವು ಅಂದಳು.

“ಏನು ಕೊಟ್ರು?”

“ಗಂಜಿ.”

“ಕುಡಿದ್ಲಾ?”

“ಎರಡು ಲೋಟ ಕುಡಿದ್ಲು ಮಾರಾಯ.”