ಪಕ್ಕದ ಮನೆಯ ಮನನಂಗಲ್ ಮತ್ತು ನನ್ನ ಹೊಟ್ಟೆಕಿಚ್ಚು

ಬೇರೆಯವರಿಗೆ ಪಕ್ಕದ ಮನೆಯವರ ಕಾರು ನೋಡಿ, ಕಿಚನ್ ನೋಡಿ ಹೊಟ್ಟೆ ಉರಿಯುತ್ತೆ. ನನಗೆ ಪಕ್ಕದ ಮನೆಯವರ ದೆವ್ವ ನೋಡಿ ಉರಿಯುತ್ತೆ. ಅದೂ ಒಂದು ಸಲ ಉರಿದು ಆರಿದ್ದಲ್ಲ, ವಾರವಾರವೂ ಏನಾದರೊಂದು ಆಗ್ತಾನೇ ಇರುತ್ತೆ.

ನಾವಿರೋದು ಅಮೆರಿಕದಲ್ಲಿ, ಸೆಂಟರ್‌ವಿಲ್‌ನ ಒಂದು ಟೌನ್‌ಹೌಸಿನಲ್ಲಿ. 2020ರಲ್ಲಿ ಸ್ಕೂಲು ಮುಚ್ಚಿದಾಗ ಮಗಳಿಗೆ ನಾನೇ ಟಿವಿ, ನಾನೇ ಥಿಯೇಟರು. ಮೈಸೂರಿನ ಹುಣಸೆಮರದ ದೆವ್ವದ ಕಥೆ ಶುರು ಮಾಡಿದ್ರೆ ನನ್ನ ತೋಳನ್ನ ಗಟ್ಟಿಯಾಗಿ ಹಿಡ್ಕೊಂಡು ಕೂರೋಳು. ಆ ಹಿಡಿತಕ್ಕಿಂತ ದೊಡ್ಡ ಪ್ರಮೋಷನ್ ನನಗೆ ಯಾವ ಆಫೀಸಿನಲ್ಲೂ ಸಿಕ್ಕಿಲ್ಲ. ಆಮೇಲೆ ಪಕ್ಕದ ಮನೆಗೆ ಫಿಲಿಪೀನ್ಸಿನ ನರ್ಸ್ ಆಂಟಿ ಬಂದ್ರು. ಬೇಸ್‌ಮೆಂಟಿನಲ್ಲಿ ದೊಡ್ಡ ಪರದೆ ಹಾಕಿ, ಪ್ರತಿ ಶನಿವಾರ ಮಧ್ಯಾಹ್ನ ಅವರ ದೇಶದ ಹಳೇ ಹಾರರ್ ಸಿನಿಮಾ ತೋರಿಸೋಕೆ ಶುರು ಮಾಡಿದ್ರು. ಹನ್ನೊಂದು ವರ್ಷದ ನನ್ನ ಮಗಳು ಮೊದಲ ಸಾಲಿನಲ್ಲಿ ಹಾಜರ್. ನನ್ನ ತೋಳು ಖಾಲಿ.

1. ಅರ್ಧ ದೆವ್ವ

ಮೊದಲ ಸಿನಿಮಾ ನೋಡ್ಕೊಂಡು ಬಂದವಳು ಬೂಟು ಕೂಡ ಬಿಚ್ಚಲಿಲ್ಲ.

"ಅಪ್ಪ, ಮನನಂಗಲ್ ಅಂತ ಇದೆ! ಡೇ ಟೈಮ್ ನಾರ್ಮಲ್ ಲೇಡಿ. ನೈಟ್ ಆದ್ರೆ ಸೊಂಟದ ಹತ್ರ ಕಟ್ ಆಗಿ, ಮೇಲಿನ ಹಾಫ್‌ಗೆ ವಿಂಗ್ಸ್ ಬಂದು ಫ್ಲೈ ಮಾಡುತ್ತೆ. ಕೆಳಗಿನ ಹಾಫ್ ಮೇಲೆ ಉಪ್ಪು ಹಾಕಿದ್ರೆ ಮತ್ತೆ ಜಾಯಿನ್ ಆಗೋಕೆ ಆಗಲ್ಲ!"

ನನಗೆ ಒಳಗೊಳಗೇ ಧಗ್ ಅಂತು. "ನಮ್ಮ ಮೋಹಿನಿಗೆ ಏನು ಕಮ್ಮಿ? ಅದರ ಪಾದ ಹಿಂದುಮುಂದು ಇರುತ್ತೆ," ಅಂದೆ.

"ಆಮೇಲೆ?"

"ಆಮೇಲೆ... ಮರದ ಕೆಳಗೆ ನಿಂತಿರುತ್ತೆ."

ಮಗಳು ನನ್ನ ಬೆನ್ನು ತಟ್ಟಿದಳು. "ಇಟ್ಸ್ ಓಕೆ ಅಪ್ಪ. ಪಾಪ, ಅದಕ್ಕೆ ಬಜೆಟ್ ಇಲ್ಲ."

2. ಮೂರು ತುಂಡು

ಮುಂದಿನ ವಾರ ನಾನೂ ಬಿಡಲಿಲ್ಲ. "ಹೇಳೋದು ಮರೆತಿದ್ದೆ ಪುಟ್ಟಿ, ನಮ್ಮ ಮೋಹಿನಿ ಮೂರು ತುಂಡಾಗುತ್ತೆ. ಮೂರೂ ಬೇರೆ ಬೇರೆ ದಿಕ್ಕಿಗೆ ಹಾರುತ್ತೆ," ಅಂತ ಬಿಟ್ಟೆ ಒಂದು ರೈಲು. ಮಗಳ ಕಣ್ಣು ಅರಳಿತು. ನನ್ನ ತೋಳಿನ ಹತ್ರ ಅವಳ ಕೈ ಬಂತು, ಇನ್ನೇನು ಹಿಡಿಬೇಕು, ಅಷ್ಟರಲ್ಲಿ ಫೋನ್ ತೆಗೆದು ಮೈಸೂರಿಗೆ ವಿಡಿಯೋ ಕಾಲ್ ಮಾಡಿಬಿಟ್ಟಳು.

"ಅಜ್ಜಿ, ಮೋಹಿನಿ ಮೂರು ಪೀಸ್ ಆಗುತ್ತಾ?"

ನಮ್ಮಮ್ಮನಿಗೆ ಮಗನ ಮಾನ ಉಳಿಸೋ ಅಭ್ಯಾಸ ಯಾವತ್ತೂ ಇಲ್ಲ. "ಯಾರೇ ಹೇಳಿದ್ದು? ನಿಮ್ಮಪ್ಪನಾ? ಅವನಿಗೇನು ಗೊತ್ತು ದೆವ್ವದ ವಿಷಯ! ಕಾಲೇಜಿಗೆ ಸೇರೋವರೆಗೂ ಕರೆಂಟ್ ಹೋದ್ರೆ ನನ್ನ ಸೆರಗು ಬಿಡ್ತಿರಲಿಲ್ಲ."

3. ತಿರುಗುಮುರುಗು ಶರ್ಟು

ಪಕ್ಕದ ರಾಜ್ಯದಲ್ಲಿ, ರಿಸರ್ಚ್ ಟ್ರಯಾಂಗಲ್ ಪಾರ್ಕ್ ಅನ್ನೋ ಕಂಪನಿಗಳ ಬಡಾವಣೆಯಲ್ಲಿ, ನಮ್ಮ ಸಾಫ್ಟ್‌ವೇರ್ ತೋರಿಸೋ ಕ್ಲೈಂಟ್ ಮೀಟಿಂಗು. ಮಗಳಿಗೆ ರಜೆ ಇತ್ತಲ್ಲ, ಹೆಂಡತಿ ಮಗಳು ಇಬ್ಬರನ್ನೂ ಕರ್ಕೊಂಡು ಡ್ರೈವ್ ಮಾಡ್ಕೊಂಡು ಹೋದೆ. ಜಿಪಿಎಸ್ ಮೂರು ಸಲ ನಮ್ಮನ್ನ ಅದೇ ಕೆರೆಯ ಹತ್ರ ತಂದು ನಿಲ್ಲಿಸಿತು.

"ಇದು ಟಿಕ್ಬಲಾಂಗ್ ಅಪ್ಪ!" ಅಂದಳು ಮಗಳು. ಅದೊಂದು ಕುದುರೆ ತಲೆಯ ದೆವ್ವವಂತೆ, ಕೆಲಸವೇ ದಾರಿ ತಪ್ಪಿಸೋದಂತೆ. "ಶರ್ಟ್ ಉಲ್ಟಾ ಹಾಕ್ಕೋ, ದಾರಿ ಸಿಗುತ್ತೆ. ಆಂಟಿ ಹೇಳಿದಾರೆ."

ಆಂಟಿ ಮಾತು ನಾನು ಕೇಳ್ತೀನಾ? ಕೇಳಿದೆ. ಮೀಟಿಂಗಿಗೆ ಆರು ನಿಮಿಷ ಉಳಿದಿತ್ತು. ಶರ್ಟು ತಿರುಗಿಸಿ ಹಾಕ್ಕೊಂಡೆ, ಮುಂದಿನ ತಿರುವಿನಲ್ಲೇ ಬಿಲ್ಡಿಂಗು! ನಾನು ಒಳಗೆ ಓಡಿದೆ, ಮಗಳು ಆಂಟಿಗೆ ಫೋನ್ ಮಾಡಿ ಥ್ಯಾಂಕ್ಸ್ ಹೇಳಿದಳು. ನೂರಾರು ಮೈಲಿ ಡ್ರೈವ್ ಮಾಡಿದವನಿಗೆ ಒಂದು ಥ್ಯಾಂಕ್ಸ್ ಇಲ್ಲ.

ಒಂದು ಗಂಟೆ ಪ್ರೆಸೆಂಟೇಷನ್ ಕೊಟ್ಟೆ. ಕೊನೆಗೆ ಕ್ಲೈಂಟು ಮೆಲ್ಲಗೆ, "ನಿಮ್ಮ ಶರ್ಟು..." ಅಂದ. ನೋಡಿದ್ರೆ ಹೊಲಿಗೆಯೆಲ್ಲ ಹೊರಗೆ, ಕತ್ತಿನ ಹಿಂದೆ ಸೈಜಿನ ಪಟ್ಟಿ. ಗಾಬರಿಯಲ್ಲಿ ಬಾಯಿಂದ ಬಂದಿದ್ದು ಒಂದೇ ಮಾತು, "ಟಿಕ್ಬಲಾಂಗ್."

ಆತ ಗಂಭೀರವಾಗಿ ತಲೆಯಾಡಿಸಿ ನೋಟ್ಸ್‌ನಲ್ಲಿ ಬರ್ಕೊಂಡ. ಮರುವಾರ ಇಮೇಲ್ ಬಂತು: ಟಿಕ್ಬಲಾಂಗ್ ಇನ್‌ಸ್ಟಾಲ್ ಮಾಡೋಕೆ ಎಷ್ಟು ದಿನ ಬೇಕು?

4. ಓದು ಬರಹ ಬಲ್ಲ ದೆವ್ವ

ಆಗ ನನಗೆ ನಮ್ಮೂರ ಕಡೆಯ ಬ್ರಹ್ಮಾಸ್ತ್ರ ನೆನಪಾಯ್ತು. "ಪುಟ್ಟಿ, ನಾನು ಚಿಕ್ಕವನಿದ್ದಾಗ ಒಂದು ದೆವ್ವ ಮನೆಮನೆ ಬಾಗಿಲು ತಟ್ಟುತ್ತೆ ಅಂತ ಸುದ್ದಿ. ಜನ ಏನು ಮಾಡಿದ್ರು ಗೊತ್ತಾ? ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದ್ರು. ದೆವ್ವ ಬರೋದು, ಓದೋದು, ಹೋಗೋದು. ಮಾರನೇ ದಿನ ಮತ್ತೆ ಬರೋದು, ಮತ್ತೆ ಓದೋದು, ಮತ್ತೆ ಹೋಗೋದು."

ಮಗಳು ಫೋನ್ ಕೆಳಗಿಟ್ಟಳು. "ನಮ್ಮ ಘೋಸ್ಟ್‌ಗೆ ಓದೋಕೆ ಬರುತ್ತಾ?"

"ಮತ್ತೆ? ಕನ್ನಡ!"

"ಮನನಂಗಲ್‌ಗೆ ಬರಲ್ಲ," ಅಂದಳು. ಗೆದ್ದೆ ಅಂದ್ಕೊಂಡೆ. ಈ ಶನಿವಾರ ಮಗಳು ನನ್ನ ಪಕ್ಕದಲ್ಲೇ ಕೂರ್ತಾಳೆ ಅಂತ ಚುರುಮುರಿ ಬೇರೆ ಕಲಸಿಟ್ಟೆ. ಶನಿವಾರ ನೋಡಿದ್ರೆ ಅವಳಿಲ್ಲ. ಎಂದಿನಂತೆ ಪಕ್ಕದ ಮನೆ.

ಇನ್ನು ತಡೆಯೋಕೆ ಆಗಲಿಲ್ಲ. ಕರೆಯದಿದ್ರೂ ಸರಿ, ಆ ದೆವ್ವವನ್ನ ನಾನೂ ಒಂದು ಸಲ ನೋಡಿಬಿಡ್ತೀನಿ ಅಂತ ಚುರುಮುರಿ ಬೋಗುಣಿ ಹಿಡ್ಕೊಂಡು ಹೊರಟೆ. ಬಾಗಿಲು ತಟ್ಟೋಕೆ ಕೈ ಎತ್ತಿದೆ. ಎದುರಿಗೆ ಅಂಟಿಸಿದ ಕಾಗದ. ಮಗಳ ಸೊಟ್ಟ ಅಕ್ಷರ: ನಾಳೆ ಬಾ.

ಕನ್ನಡ ಕ್ಲಾಸಿನಲ್ಲಿ ಅತ್ತು ಕರೆದು ಬರೆಯೋಳು, ಆಂಟಿಗೋಸ್ಕರ ತಾನಾಗೇ ಬರೆದಿದ್ದಾಳೆ! ಹೊಟ್ಟೆಕಿಚ್ಚೋ ಹೆಮ್ಮೆಯೋ, ನನಗೇ ಗೊತ್ತಾಗಲಿಲ್ಲ. ಓದಿದೆ. ವಾಪಸ್ ಬಂದೆ.

ಭಾನುವಾರ ಹೋದೆ. ಮಗಳು ಮತ್ತೆ ಅಲ್ಲೇ, ಕಾಗದವೂ ಅಲ್ಲೇ. ಮತ್ತೆ ಓದಿದೆ. ಮತ್ತೆ ತಿರುಗಿ ಎರಡು ಹೆಜ್ಜೆ ಇಟ್ಟೆ.

ಬಾಗಿಲು ಧಡಾರಂತ ತೆಗೀತು. ಡೋರ್‌ಬೆಲ್ ಕ್ಯಾಮೆರಾದಲ್ಲಿ ಎರಡು ದಿನದಿಂದ ನನ್ನನ್ನೇ ನೋಡ್ತಿದ್ದ ಮಗಳು ಹೊರಗೆ ಓಡಿ ಬಂದು, ನನ್ನ ತೋಳನ್ನ ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡ್ಕೊಂಡು ಒಳಗೆ ಎಳೀತಾ ಕೂಗಿದಳು:

"ಆಂಟಿ, ಐ ಕಾಟ್ ದ ಘೋಸ್ಟ್! ಇಟ್ ರಿಯಲಿ ರೀಡ್ಸ್ ಕನ್ನಡ!"